ಗುಣಮೂಲ ನಿರ್ಣಯ ಅಥವಾ ಮಗು ಯಾರ ಥರ ಎಂಬ ಶಾಸ್ತ್ರ

ಅಥ ಗುಣಮೂಲ ಜಿಜ್ಞಾಸೆ. ನಾಮಕರಣದ ದಿನ ತೊಟ್ಟಿಲ ಸುತ್ತ ನಿಂತವರು ಮೂಗು, ಕಿವಿ, ಹಣೆಗಳನ್ನು ಎರಡೂ ಕಡೆಯವರಿಗೆ ಹಂಚಿ ಕೈತೊಳೆದುಕೊಳ್ಳುತ್ತಾರೆ. ಗುಣದ ಪಾಲುಪಟ್ಟಿ ಮಾತ್ರ ಅಷ್ಟು ಬೇಗ ಇತ್ಯರ್ಥವಾಗುವುದಿಲ್ಲ. ಅದರ ಮೇಲೆ ತಕರಾರು ಎತ್ತುವವರನ್ನು ಪ್ರಸ್ತುತ ಶಾಸ್ತ್ರವು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ.

ಪ್ರಥಮ ವರ್ಗ: ರಕ್ತವಾದಿಗಳು

ಲಕ್ಷಣ: ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನೇ ಪ್ರಮಾಣವಾಗಿ ಹಿಡಿಯುವುದು. ಮೂಲಪುರುಷ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಈತ 1875ರಲ್ಲೇ ಅವಳಿಗಳ ವೃತ್ತಾಂತಗಳನ್ನು ಕಲೆಹಾಕಿ, ಬೆಳೆಸಿದ್ದಕ್ಕಿಂತ ಹುಟ್ಟಿದ್ದೇ ಮೇಲು ಎಂದು ತೀರ್ಪಿತ್ತ. ಚಾರ್ಲ್ಸ್ ಡಾರ್ವಿನ್ ಈತನ ಹತ್ತಿರದ ಬಂಧು. ಅಂಥ ಮನೆತನದವನಿಗೆ ಬೇರೆ ತೀರ್ಪು ಲಾಭದ್ದೂ ಆಗಿರಲಿಲ್ಲ.

ಉಪಭೇದಗಳು ಎರಡು. ಲೆಕ್ಕದಲ್ಲಿ ನೂರಕ್ಕೆ ನೂರು ಬಂದಾಗ "ನಮ್ಮಪ್ಪ ಶಾನುಭೋಗರು, ಎಲ್ಲಿಗೆ ಹೋಗುತ್ತೆ?" ಎನ್ನುವವರು ಸ್ವಪಕ್ಷೀಯರು. ಹಟ ಹಿಡಿದು ನೆಲದ ಮೇಲೆ ಹೊರಳಾಡಿದಾಗ "ನಿಮ್ಮ ಚಿಕ್ಕಪ್ಪನದೇ ಪಡಿಯಚ್ಚು" ಎನ್ನುವವರು ಪರಪಕ್ಷೀಯರು. ಒಬ್ಬರೇ ಒಂದೇ ಸಂಜೆ ಎರಡೂ ಆಗುವುದುಂಟು.

ಇವರ ಬ್ರಹ್ಮಾಸ್ತ್ರ ಅಮೆರಿಕದ ಒಂದು ಅವಳಿ ಜೋಡಿ. ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆ ಬೇರೆ ಮನೆಗೆ ದತ್ತು ಹೋದ ಅಣ್ಣತಮ್ಮಂದಿರು 39ನೇ ವಯಸ್ಸಿನಲ್ಲಿ ಭೇಟಿಯಾದರು. 1979ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ವಿದ್ವಾಂಸರು ಅವರನ್ನು ಪರೀಕ್ಷಿಸಿದರು. ಇಬ್ಬರ ಹೆಸರೂ ಜಿಮ್. ಚಿಕ್ಕಂದಿನಲ್ಲಿ ಸಾಕಿದ ನಾಯಿಗಳ ಹೆಸರೂ ಟಾಯ್. ಸಭೆಯಲ್ಲಿ ನಿಟ್ಟುಸಿರು. ಆದರೆ ಜಿಮ್ ಎಂದು ಕರೆದವರು ಸಾಕುತಂದೆತಾಯಿಗಳು. ಆ ಎರಡು ದಂಪತಿಗಳು ಅವಳಿಗಳಾಗಿರಲಿಲ್ಲ ಎಂಬುದನ್ನು ರಕ್ತವಾದಿಗಳು ಪ್ರಸ್ತಾಪಿಸುವುದಿಲ್ಲ.

ದ್ವಿತೀಯ ವರ್ಗ: ಸಂಸ್ಕಾರವಾದಿಗಳು

ಲಕ್ಷಣ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತ ಗಿಡವನ್ನು ದಿನವೂ ಬಗ್ಗಿಸುವುದು. ಆಚಾರ್ಯ ಜಾನ್ ವಾಟ್ಸನ್. ಆರೋಗ್ಯವಂತ ಹಸುಗೂಸುಗಳನ್ನು ಒಂದು ಡಜನ್ ಕೊಟ್ಟರೆ ಯಾವುದನ್ನು ಬೇಕಾದರೂ ವೈದ್ಯ, ವಕೀಲ, ಭಿಕ್ಷುಕ, ಕಳ್ಳ, ಏನು ಬೇಕಾದರೂ ಮಾಡಿಕೊಡುತ್ತೇನೆಂದು 1920ರ ದಶಕದಲ್ಲಿ ಪಂಥ ಕಟ್ಟಿದವನು. ಸಾಕ್ಷ್ಯ ಮೀರಿ ಮಾತಾಡುತ್ತಿದ್ದೇನೆಂದು ಆತ ಕೂಡಲೇ ಒಪ್ಪಿಕೊಂಡಿದ್ದ. ಶಿಷ್ಯರು ಆ ಸಾಲನ್ನು ಹಾರಿಸಿ ಓದಿದರು. ನಮ್ಮ ಬೇಸಿಗೆ ಶಿಬಿರದ ಕರಪತ್ರಗಳು ಇದೇ ಪರಂಪರೆಯವು. ಕಳ್ಳನ ಕೋರ್ಸು ಮಾತ್ರ ಕೈಬಿಟ್ಟಿದೆ.

ತೃತೀಯ ವರ್ಗ: ಸಹವಾಸವಾದಿಗಳು

"ನಮ್ಮ ಹುಡುಗ ಚಿನ್ನ, ಸೇರಿದವರು ಸರಿಯಿಲ್ಲ" ಎಂಬುದು ಇವರ ಮಹಾವಾಕ್ಯ. ಸೇರಿದವರ ಮನೆಯಲ್ಲೂ ಅದೇ ಹೊತ್ತಿಗೆ ಅದೇ ವಾಕ್ಯದ ಪಾರಾಯಣ ನಡೆದಿರುತ್ತದೆ. ಇವರನ್ನು ನೋಡಿ ನಗುವಂತಿಲ್ಲ. ದೊಡ್ಡವರ ಸ್ವಭಾವಗಳ ನಡುವಿನ ವ್ಯತ್ಯಾಸದಲ್ಲಿ ಒಂದೇ ಸೂರಿನಡಿ ಬೆಳೆದದ್ದರ ಪಾಲು ತೀರ ಕಡಿಮೆಯೆಂದು ಅವಳಿ ಅಧ್ಯಯನಗಳು ಪದೇ ಪದೇ ಕಂಡುಕೊಂಡಿವೆ. ಒಬ್ಬೊಬ್ಬರಿಗೆ ಒಂದೊಂದು ಥರ ದಕ್ಕುವ ಗೆಳೆತನ, ಕಾಯಿಲೆ, ಆಕಸ್ಮಿಕಗಳ ಪಾಲೇ ಅದಕ್ಕಿಂತ ದೊಡ್ಡದು.

ಚತುರ್ಥ ವರ್ಗ: ಅರ್ಧಾರ್ಧವಾದಿಗಳು

ಪತ್ರಿಕೆ ಓದುವ ಜಾತಿ. 2015ರಲ್ಲಿ ಐವತ್ತು ವರ್ಷಗಳ ಅವಳಿ ಸಂಶೋಧನೆಯನ್ನೆಲ್ಲ, ಅಂದರೆ ಸುಮಾರು 1.45 ಕೋಟಿ ಜೋಡಿಗಳ ಮಾಹಿತಿಯನ್ನು, ಒಟ್ಟುಗೂಡಿಸಿದಾಗ ಎತ್ತರ, ಕಾಯಿಲೆ, ಸ್ವಭಾವ ಎಲ್ಲ ಸೇರಿ ಅನುವಂಶೀಯತೆಯ ಸರಾಸರಿ ಶೇ. 49 ಎಂದು ಬಂತು. "ನೋಡಿ, ಅರ್ಧ ಜೀನು, ಅರ್ಧ ಮನೆ" ಎಂದು ಇವರು ಪಂಚಾಯಿತಿ ಮುಗಿಸಿದರು. ಇಲ್ಲೇ ಶಾಸ್ತ್ರಾರ್ಥ ತಪ್ಪಿತು.

ಮೊಸರಿನ ದೃಷ್ಟಾಂತ ನೋಡಿ. ಒಂದು ಬಟ್ಟಲು ಮೊಸರಿನಲ್ಲಿ ಹಾಲಿನ ಪಾಲೆಷ್ಟು, ಹೆಪ್ಪಿನ ಪಾಲೆಷ್ಟು ಎಂದು ಗೆರೆ ಎಳೆಯಲಾಗದು. ಆದರೆ ಬೀದಿಯ ಮನೆಮನೆಯ ಮೊಸರು ಏಕೆ ಬೇರೆ ಬೇರೆ ಎಂದು ಕೇಳಬಹುದು. ಎಲ್ಲರಿಗೂ ಒಂದೇ ಡೇರಿಯ ಹಾಲು ಬರುತ್ತಿದ್ದರೆ ವ್ಯತ್ಯಾಸವೆಲ್ಲ ಹೆಪ್ಪಿನದು, ಹೆಪ್ಪು ಹಾಕಿದ ಹದದ್ದು. ಎಲ್ಲರೂ ಒಂದೇ ಮನೆಯ ಹೆಪ್ಪನ್ನು ಒಂದೇ ಹದಕ್ಕೆ ಹಾಕಿದರೆ ವ್ಯತ್ಯಾಸವೆಲ್ಲ ಹಾಲಿನದು. ಶೇ. 49 ಬೀದಿಯ ಲೆಕ್ಕ, ಬಟ್ಟಲಿನದಲ್ಲ. ಬೀದಿ ಬದಲಾದರೆ ಲೆಕ್ಕವೂ ಬದಲು.

ಸಿದ್ಧಾಂತ: ನಾಲ್ಕೂ ವರ್ಗದವರಿಗೆ ಬೇಕಾದದ್ದು ಗುಣದ ಮೂಲವಲ್ಲ, ಜಮಾಖರ್ಚಿನ ಪುಸ್ತಕ. ಮೊಸರು ಗಟ್ಟಿಯಾಗಿ ಕೂತ ದಿನ ಹೆಪ್ಪು ನಮ್ಮ ಮನೆಯದು. ಹುಳಿಯಾದ ದಿನ ಹಾಲು ಡೇರಿಯದು.