ಕ್ವಿಲ್ಟಿನ ಜಾತಕ

ಅಮೆರಿಕದ ಹಳೇ ಸಾಮಾನಿನಂಗಡಿಯಿಂದ ಹೆಂಡತಿ ಅರ್ಧಕ್ಕೇ ನಿಂತ ಕ್ವಿಲ್ಟೊಂದನ್ನು ಹೊತ್ತು ತಂದಳು. ಮೇಲಿನ ತೇಪೆ ಪದರ ಮಾತ್ರ, ಹತ್ತಿಯಿಲ್ಲ, ಅಸ್ತರಿಲ್ಲ. ಹಿಟ್ಟಿನ ಚೀಲದ ಹೂಬಟ್ಟೆ, ಒಂದು ತುಂಡಿನಂಚಿಗೆ ಚೀಲದ ಹೊಲಿಗೆ ಬಿಚ್ಚಿದ ತೂತುಗಳ ಸಾಲು. "1930ರ ದಶಕದ್ದು ಕಣ್ರೀ!" ಎಂದು ಕುಣಿದಳು. ಅಷ್ಟರಲ್ಲಿ ಮೂಲೆಯಲ್ಲೊಂದು ಪಾಲಿಯೆಸ್ಟರ್ ತುಂಡು ಕಣ್ಣಿಗೆ ಬಿತ್ತು. ಅದು ಅಲ್ಲಿನ ಅಂಗಡಿಗಳಿಗೆ ಬಂದದ್ದೇ 1950ರ ದಶಕದಲ್ಲಿ. ಕ್ವಿಲ್ಟಿನ ವಯಸ್ಸಿಗೆ ಅದರ ಅತಿ ಕಿರಿಯ ತುಂಡೇ ಸಾಕ್ಷಿ. ಅಜ್ಜಿ ಏಕಾಏಕಿ ಚಿಕ್ಕಮ್ಮನಾದಳು.

"ಮೊದಲು ಒಗಿ" ಎಂದೆ. ಹಾಗೇ ಒಗೆದರೆ ಅಂಚೆಲ್ಲ ಎಳೆ ಎಳೆ ಬಿಚ್ಚುತ್ತದಂತೆ. ಅಸ್ತರು ಕೊಟ್ಟು ಹೊಲಿದ ಮೇಲೆಯೇ ಸ್ನಾನವಂತೆ.

ಧಾರವಾಡದಿಂದ ಬಂದಿದ್ದ ಅವ್ವ ಕನ್ನಡಕ ಏರಿಸಿದಳು. "ಅದರ ವಯಸ್ಸು ತಗೊಂಡು ಏನ್ ಮಾಡ್ತೀಯವಾ? ಕೌದಿ ಹೊಲ್ಯೂಣು, ಹಳೀ ಸೀರಿ ತಾ."

ಅಂದಿನಿಂದ ಸೊಸೆಯ ಬೀರುವಿಗೆ ಬೀಗ.