ವಿಮಾನದೂರ ಲೆಕ್ಕಿಸುವ ಯಂತ್ರಕ್ಕೆ ಕೋರಮಂಡಲ್‌ನಿಂದ ಒಂದು ಬಹಿರಂಗ ಅರ್ಜಿ

ಗೆ,
ಮಾನ್ಯ ವಿಮಾನದೂರ ಲೆಕ್ಕಯಂತ್ರ,
ಅಂತರಜಾಲ.

ವಿಷಯ: ಕೋರಮಂಡಲ್–ಲಂಡನ್ ಪ್ರಯಾಣಕ್ಕೆ ಹತ್ತೇ ಗಂಟೆ ಎಂದು ತೋರಿಸುತ್ತಿರುವ ಬಗ್ಗೆ.

ಮಾನ್ಯರೇ,

ಎರಡು ಊರುಗಳ ವಿಮಾನದೂರವೆಂದರೆ ಭೂಗೋಳದ ಮೈಮೇಲೆ ಅವುಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆಯ ಉದ್ದ. ಅದಕ್ಕೆ ಬೇಕಾದದ್ದು ಎರಡೂ ಊರುಗಳ ಅಕ್ಷಾಂಶ, ರೇಖಾಂಶ ಮತ್ತು ಭೂಮಿಯ ಸರಾಸರಿ ತ್ರಿಜ್ಯವಾದ 6,371 ಕಿ.ಮೀ. ಊರಿನಲ್ಲಿ ವಿಮಾನ ಇಳಿಯುತ್ತದೆಯೇ ಎಂದು ಸೂತ್ರ ಕೇಳುವುದಿಲ್ಲ. ಹೀಗಾಗಿ ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಕೋರಮಂಡಲ್‌ನಿಂದ ಲಂಡನ್‌ಗೆ ಸುಮಾರು 8,000 ಕಿ.ಮೀ.; ಗಂಟೆಗೆ 850 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಕೂಡಿಸಿದರೆ ಹತ್ತು ಗಂಟೆ. ಲೆಕ್ಕ ಶುದ್ಧವಾಗಿದೆ. ವಿಮಾನ ಹತ್ತುವುದು ಎಲ್ಲಿ ಎಂಬುದೊಂದೇ ಬಾಕಿ.

ಕೋರಮಂಡಲ್‌ನಲ್ಲಿ ಇರುವುದು ರೈಲು ನಿಲ್ದಾಣ. ಬಂಗಾರಪೇಟೆ–ಮಾರಿಕುಪ್ಪಂ ಮಾರ್ಗವನ್ನು 1894ರಲ್ಲಿ ಹಾಕಿದ್ದು ಚಿನ್ನದ ಗಣಿಗಾಗಿ. 1880ರಲ್ಲಿ ಗಣಿಗಾರಿಕೆಗೆ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಲಂಡನ್ನಿನ ಕಂಪನಿ. ಆಗ ಇಲ್ಲಿಂದ ಹೊರಡುತ್ತಿದ್ದದ್ದು ಬಂಗಾರ. ಅದಕ್ಕೆ ದಾರಿ ಮಾಡಿಕೊಡಲು ಎಲ್ಲರೂ ಸಿದ್ಧ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಹೊರಡುವುದು ಜನ: ಪಾಸ್ ಮಾಡಿಸಿಕೊಂಡು ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆ ಸೇರುವವರು.

ಲಂಡನ್ನಿಗೆ ಹೊರಟವರಿಗೂ ಅದೇ ರೈಲು. ವಿಮಾನದ ನಿಯಮಕ್ಕೆ ತಕ್ಕಂತೆ ಮನೆಯಲ್ಲಿ ಎರಡು ಸಲ ತೂಗಿ ಕಟ್ಟಿದ ಸೂಟ್‌ಕೇಸು ಬಾಗಿಲ ಬಳಿ ಟಿಫಿನ್ ಬ್ಯಾಗುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ವೈಟ್‌ಫೀಲ್ಡ್ ಬರುವವರೆಗೂ ಅದರ ಮೇಲೆ ಯಾರಾದರೊಬ್ಬರು ಕೂತಿರುತ್ತಾರೆ.

ಬಂಗಾರಪೇಟೆಯಿಂದ ಬೆಂಗಳೂರು ಸುಮಾರು 70 ಕಿ.ಮೀ.; ಅಲ್ಲಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಮತ್ತೆ 35 ಕಿ.ಮೀ. 2008ರವರೆಗೆ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದಾಗ ಕೆಜಿಎಫ್ ಕಡೆಯವರು ಬೆಂಗಳೂರು ದಾಟಿ ಊರಾಚೆಗೆ ಹೋಗಬೇಕಿರಲಿಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ–ಬೇತಮಂಗಲ ಭಾಗ ತೆರೆದ ಮೇಲೆ ಕಾರಿದ್ದವರ ಪಾಡು ಹಗುರಾಗಿದೆ. ಕಾರಿಲ್ಲದವರದು ಇದ್ದ ಹಾಗೇ ಇದೆ. ಕೋರಮಂಡಲ್‌ನಿಂದ ದೇವನಹಳ್ಳಿಗೆ ನೇರ ಗೆರೆ 65 ಕಿ.ಮೀ. ಆಸುಪಾಸು, ಯಂತ್ರದ ವೇಗದಲ್ಲಿ ಐದು ನಿಮಿಷ. ರೈಲು, ಬಸ್ಸು, ಟ್ರಾಫಿಕ್ ಸೇರಿದರೆ ನಾಲ್ಕು ಗಂಟೆ. ವಿದೇಶ ಪ್ರಯಾಣಕ್ಕೆ ಮೂರು ಗಂಟೆ ಮುಂಚೆ ಬರಬೇಕೆಂಬ ಸೂಚನೆ ಬೇರೆ. ಚಾಂಪಿಯನ್ ರೀಫ್ ಗಣಿಯಲ್ಲಿ ಮನುಷ್ಯರನ್ನು 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಸಿ, ಮೇಲಕ್ಕೆ ಎತ್ತಿದ ಊರಿಗೆ ಅಡ್ಡ ದೂರವೇ ಭಾರವಾಗಿದೆ.

ಆಕಾಶದಲ್ಲೂ ಗೆರೆ ಹಾಗೇ ಸಾಗುವುದಿಲ್ಲ. ಪಶ್ಚಿಮದಿಂದ ಬೀಸುವ ಎತ್ತರದ ಗಾಳಿ ಲಂಡನ್ನಿಗೆ ಹೋಗುವಾಗ ತಡೆಯುತ್ತದೆ, ಬರುವಾಗ ತಳ್ಳುತ್ತದೆ. ಪಾಕಿಸ್ತಾನದ ವಾಯುಪ್ರದೇಶ 2019ರಲ್ಲಿ, ಮತ್ತೆ 2025ರ ಏಪ್ರಿಲ್‌ನಲ್ಲಿ ಮುಚ್ಚಿದಾಗ ಭಾರತದ ವಿಮಾನಗಳು ಸುತ್ತು ಹಾಕಬೇಕಾಯಿತು. ಹತ್ತು ಗಂಟೆ ಹನ್ನೊಂದಾಗಲು ಅಷ್ಟೇ ಸಾಕು.

ಆದ್ದರಿಂದ ಅರ್ಜಿದಾರರ ಕೋರಿಕೆ: ಉತ್ತರದಲ್ಲಿ ‘ನೆಲದ ಮೇಲೆ: 7 ಗಂಟೆ’ ಎಂಬ ಸಾಲನ್ನೂ ಸೇರಿಸುವುದು. ಅದು ಸಾಧ್ಯವಿಲ್ಲವಾದರೆ, ಐದು ನಿಮಿಷದ ವಿಮಾನ ಕೋರಮಂಡಲ್‌ನ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ತಿಳಿಸುವುದು.

ಇಂತಿ,
ಪಾಸ್ ಇರುವ ಸಮಸ್ತರ ಪರವಾಗಿ,
ಕೋರಮಂಡಲ್