ನಾಯಿಯ ಪಾಪದ ಲೆಕ್ಕ

ಪ್ರಾಣಿಗಳಿಗೂ ಪ್ರಜ್ಞೆ ಉಂಟು ಎಂದು 2012ರ ಜುಲೈ 7ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಿಜ್ಞಾನಿಗಳು ಸಭೆ ಸೇರಿ ಘೋಷಣೆ ಹೊರಡಿಸಿದರು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಇದಕ್ಕೆ ಯಾರೂ ಪಟಾಕಿ ಹೊಡೆಯಲಿಲ್ಲ. ಸಂತೆ ಮುಗಿಸಿ, ಗಂಟಲು ತೋಯಿಸಿಕೊಂಡು, ಗಾಡಿಯಲ್ಲೇ ಅಡ್ಡಾದ ಯಜಮಾನನನ್ನು ಎತ್ತುಗಳು ತಾವೇ ದಾರಿ ಹಿಡಿದು ಮನೆಯಂಗಳಕ್ಕೆ ತಂದು ನಿಲ್ಲಿಸುವುದನ್ನು ಕಂಡ ಸೀಮೆ ಇದು. ನೊಗ ಹೊತ್ತವಕ್ಕೆ ಬುದ್ಧಿ ಇದೆಯೇ ಎಂದು ಇಲ್ಲಿ ಯಾರೂ ಕೇಳಿಲ್ಲ. ಹಿಂದೆ ಮಲಗಿದವನದ್ದೇ ಅನುಮಾನ.

ಆದರೂ ತಾನು ಬೇರೆ ಎನ್ನಿಸಿಕೊಳ್ಳದಿದ್ದರೆ ಮನುಷ್ಯನಿಗೆ ಉಂಡದ್ದು ಅರಗುವುದಿಲ್ಲ. ಸಲಕರಣೆ ಮಾಡುವವರು ನಾವೊಬ್ಬರೇ ಎಂದೆವು. 1960ರಲ್ಲಿ ಆಫ್ರಿಕಾದ ಗೊಂಬೆ ಕಾಡಿನಲ್ಲಿ ಚಿಂಪಾಂಜಿಯೊಂದು ಕಡ್ಡಿಯ ಎಲೆ ಸವರಿ, ಹುತ್ತಕ್ಕೆ ತೂರಿಸಿ, ಅಂಟಿಕೊಂಡ ಗೆದ್ದಲನ್ನು ಮೆಲ್ಲುವುದನ್ನು ಜೇನ್ ಗುಡಾಲ್ ಕಂಡರು. ಕೂಡಲೇ ಗೆರೆ ಅಳಿಸಿ ಆಚೆ ಎಳೆದೆವು: ಸಲಕರಣೆ ಹಾಳಾಗಿ ಹೋಗಲಿ, ನೀತಿ ಎಂಬುದಿದೆಯಲ್ಲ, ಅದು ನಮಗೆ ಮಾತ್ರ! ಗೆರೆ ಸರಿಸುವುದು ನಮಗೇನು ಹೊಸದೇ? 1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ದಾವಣಗೆರೆಗೆ ಸೇರಿಸಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರಕ್ಕೆ ಹಾಕಿದರು. ತಾಲ್ಲೂಕು ಮಾತ್ರ ಇದ್ದಲ್ಲೇ ಇದೆ. ಚಿಂಪಾಂಜಿಯೂ ಅಷ್ಟೇ.

ನೀತಿಯ ಪರೀಕ್ಷೆಯೂ ನಡೆಯಿತು. ಅಮೆರಿಕದಲ್ಲಿ ಜೂಲ್ಸ್ ಮ್ಯಾಸರ್ಮನ್ ತಂಡ ಕೋತಿಗಳ ಮುಂದೆ ಸರಪಳಿ ಇಳಿಬಿಟ್ಟಿತು. ಎಳೆದರೆ ತಿನ್ನಲು ಸಿಗುತ್ತದೆ, ಆದರೆ ಎದುರಿನ ಕೋತಿಗೆ ಕರೆಂಟ್ ಹೊಡೆಯುತ್ತದೆ. ಹೆಚ್ಚಿನವು ಆ ಸರಪಳಿಯ ತಂಟೆಗೇ ಹೋಗಲಿಲ್ಲ. ಒಂದಂತೂ 12 ದಿನ ಉಪವಾಸ ಕೂತಿತು. ಇದು ಪ್ರಕಟವಾದದ್ದು 1964ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಮನುಷ್ಯರನ್ನು ಸ್ವಿಚ್ಚುಗಳ ಮುಂದೆ ಕೂರಿಸಿದ್ದರು. ಗೋಡೆಯಾಚೆ ಇದ್ದವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಶಾಕ್ ಕೊಡಬೇಕು. ಶಾಕ್ ಸುಳ್ಳು, ಚೀರಾಟ ನಾಟಕ; ಒತ್ತುವವರಿಗೆ ಅದು ಗೊತ್ತಿರಲಿಲ್ಲ. ಕೋಟು ತೊಟ್ಟವನು ಮುಂದುವರಿಸಿ ಎಂದ. 40 ಮಂದಿಯಲ್ಲಿ 26 ಮಂದಿ ಬೆವರುತ್ತ, ತಡವರಿಸುತ್ತ 450 ವೋಲ್ಟಿನ ಕೊನೆಯ ಸ್ವಿಚ್ಚಿನವರೆಗೂ ಹೋದರು. ಕೋತಿಯದು ಬರೀ ಹುಟ್ಟುಗುಣವಂತೆ. ನಮ್ಮದು ಮೇಲಿನವರ ಆದೇಶವಂತೆ.

2003ರಲ್ಲಿ ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಕಪುಚಿನ್ ಮಂಗಗಳಿಗೆ ಕೂಲಿ ಕೊಟ್ಟು ನೋಡಿದರು. ಒಂದೇ ಕೆಲಸ, ಒಂದಕ್ಕೆ ಸೌತೆಕಾಯಿ ಚೂರು, ಪಕ್ಕದ್ದಕ್ಕೆ ದ್ರಾಕ್ಷಿ. ಪಕ್ಕದ ದ್ರಾಕ್ಷಿ ಕಣ್ಣಿಗೆ ಬೀಳುವ ತನಕ ಸೌತೆಕಾಯಿ ಸಿಹಿಯಾಗಿಯೇ ಇತ್ತು. ಆಮೇಲೆ ಮಂಗ ಅದನ್ನು ಬೇಡವೆಂದಿತು, ಕೆಲವೊಮ್ಮೆ ಬಿಸಾಡಿತು. ಅವು ಹೆಣ್ಣು ಮಂಗಗಳು. ನಮ್ಮ ಹೊಲಗಳಲ್ಲಿ ಒಂದೇ ಬಿಸಿಲಿಗೆ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ. ಕೇಳಿದರೆ, “ಮೊದಲಿಂದ ಹಿಂಗೇ ನಡ್ಕೊಂಡು ಬಂದೈತಿ ಬಿಡವ್ವ.” ಮಂಗಗಳಿಗೆ ಇಂಥ ಸಂಪ್ರದಾಯ ಇಲ್ಲ ನೋಡಿ.

ಕೂಡ್ಲಿಗಿ ಕಡೆ ಗುಡೇಕೋಟೆಯ ಬಂಡೆಗಳ ಸಂದಿಯಿಂದ ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಲಕ್ಕೆ ಇಳಿದರೆ ಅದು ಕರಡಿ ಹಾವಳಿ. ಅಂಥದೇ ಬಂಡೆಗಳನ್ನು ಸಿಡಿಸಿ, ಜಲ್ಲಿ ಮಾಡಿ, ಲಾರಿಗೆ ತುಂಬಿದರೆ ಅಭಿವೃದ್ಧಿ. ಮನುಷ್ಯರ ಹಾವಳಿ ಎಂದು ದೂರು ಕೊಡಲು ಕರಡಿಗೆ ಅರ್ಜಿ ನಮೂನೆ ಸಿಕ್ಕಿಲ್ಲ.

ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋದರೆ ಗೊಂದಲ ಇನ್ನೂ ಹೆಚ್ಚು. ಕರಿ ಕಂಬಳಿ ತೊಟ್ಟ ಗೊರವಯ್ಯ ಡಮರುಗ ಬದಿಗಿಟ್ಟು, ಮಂಡಿಯೂರಿ, ಬೊಗಳುತ್ತ, ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣಿಗೆ ಬಾಯಿ ಹಾಕುತ್ತಾನೆ. ಮೈಲಾರಲಿಂಗನ ನಾಯಿಯಾಗುವುದು ಅವನಿಗೆ ಸೇವೆ, ಭಾಗ್ಯ. ಕೈಮುಗಿದು ನಿಂತ ಭಕ್ತರು ಹಣೆಯ ಭಂಡಾರ ಆರುವ ಮೊದಲೇ ಬಸ್ಸಿನ ಸೀಟಿಗಾಗಿ ಒಬ್ಬರನ್ನೊಬ್ಬರು ನಾಯಿ ಎಂದು ಬೈದುಕೊಳ್ಳುತ್ತಾರೆ.

ನಮ್ಮ ಹಿರಿಯರಿಗೆ ಈ ಗೊಂದಲ ಇರಲಿಲ್ಲ. ಬಾಗಳಿಯ ಕಲ್ಲೇಶ್ವರ ಗುಡಿ ಎದ್ದ 10ನೇ ಶತಮಾನದಲ್ಲೇ, ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಾಳಿ ಎಂಬ ನಾಯಿಯ ನೆನಪಿಗೆ ಕಲ್ಲು ನೆಟ್ಟರು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ ಎಂಬ ವೀರ ಮೆಚ್ಚುಗೆಯಾಗಿ ಪಡೆದದ್ದು ಆ ನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ನೋಡಿಕೊಳ್ಳುವ ಗೊರವ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಶಾಸನದಲ್ಲೇ ಕೊರೆಸಿದರು. ಅಂದರೆ ನಾಯಿಗೂ ಪಾಪದ ಲೆಕ್ಕ ಇತ್ತು, ಕೆಲಸ ಮಾಡದೆ ಉಣ್ಣುವವನ ಹೆಸರಿಗೆ ಅದು ವರ್ಗವಾಗುತ್ತಿತ್ತು. ಈ ಷರತ್ತನ್ನು ಇಂದಿನ ಕಚೇರಿಗಳಿಗೂ ಅನ್ವಯಿಸಿದರೆ ಹಂಚಲು ನಾಡಿನ ನಾಯಿಗಳ ಪಾಪ ಸಾಲದು.

ಮಮತೆ, ಸಿಟ್ಟು, ಹೊಟ್ಟೆಕಿಚ್ಚು, ಅನ್ಯಾಯ ಕಂಡರೆ ಆಗದ ಗುಣ ಪ್ರಾಣಿಗಳಿಗೂ ಇವೆ. ಮಾಡಿದ ತಪ್ಪಿಗೆ ನೆಪ ಬರೆದು, ಸಹಿ ಹಾಕಿ, ಮೊಹರು ಒತ್ತಿ ಫೈಲು ಮುಚ್ಚುವ ಪ್ರಾಣಿ ಒಂದೇ. ಅನನ್ಯತೆ ಬೇಕೇ ಬೇಕೆಂದರೆ ಅದನ್ನು ಧಾರಾಳವಾಗಿ ಇಟ್ಟುಕೊಳ್ಳೋಣ. ನೀತಿಯ ಪಹಣಿಯಲ್ಲಿ ನಮ್ಮೊಬ್ಬರದೇ ಹೆಸರು ಹಾಕಿಸಿಕೊಂಡಿದ್ದು ಮಾತ್ರ ಶುದ್ಧ ಒತ್ತುವರಿ.